ಕಣಿವೆಯಿಂದ ಇಳಿದ ಕಲ್ಲು

ರೆನ್ಸೊನ ಹೆಸರೆತ್ತಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆಗಿದ್ದು ಆಗಿಹೋಯಿತು, ಬಿಟ್ಟುಬಿಡು ಎಂದು ಬುದ್ಧಿ ಹೇಳುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಒಬ್ಬರೂ ಅವತ್ತು ‘ಹೆಂಗಸು ಸತ್ತ ಕಣಿವೆ’ಯಿಂದ ಆ ಚೀಲ ಹೊತ್ತು ಇಳಿದವರಲ್ಲ. ಹೊತ್ತವಳು ನಾನು. ಬಿಡಬೇಕೋ ಬೇಡವೋ ಎಂದು ತೀರ್ಮಾನ ಮಾಡುವವಳೂ ನಾನೇ.

ನಮ್ಮ ಪುಕಮಾಯು ಊರಿನ ಗಂಡಸರು ಅಪ್ಪಂದಿರ ಕಾಲದಿಂದ ಆ ಕಣಿವೆಯನ್ನು ಹತ್ತಿ ಇಳಿಯುವ ಬೆಟ್ಟದ ದಾರಿಯಲ್ಲಿ ಹೊರೆ ಹೊರುತ್ತ ಬಂದವರು. ಪ್ರವಾಸಿಗಳು ಮಾಚುಪಿಚುವರೆಗೆ ನಾಲ್ಕು ದಿನ ಕೈಬೀಸಿಕೊಂಡು ನಡೆಯುತ್ತಾರೆ. ಅವರ ಡೇರೆ, ಕುರ್ಚಿ, ಗ್ಯಾಸಿನ ಸಿಲಿಂಡರು, ಕಡೆಗೆ ಅವರು ಕೂರುವ ಕಕ್ಕಸಿನ ಡಬ್ಬಿ ಕೂಡ ನಮ್ಮ ಬೆನ್ನಿನ ಮೇಲೆ ಹೋಗುತ್ತದೆ. ಹೆಂಗಸರನ್ನು ಸೇರಿಸಿಕೊಳ್ಳತೊಡಗಿದ್ದು ಈಚೆಗೆ. ನಮ್ಮ ತಂಡದ ಮೇಸ್ತ್ರಿ ವಲೆರಿಯಾನೊ ನನ್ನ ಗಂಡನ ದೊಡ್ಡಪ್ಪ. ಅವರು ಏಜೆನ್ಸಿಯವರ ಬಾಗಿಲಿಗೆ ಎರಡು ವರ್ಷ ಅಲೆದು, ಗೋಗರೆದು, ನಮ್ಮೂರಿನ ಆರು ಹೆಂಗಸರಿಗೆ ಕೆಲಸ ಕೊಡಿಸಿದ್ದರು. ಗಂಡಸರಿಗೆ ಇಪ್ಪತ್ತು ಕಿಲೋ, ನಮಗೆ ಹದಿನೈದು. ಮೊದಲ ದಿನ ತೂಕದ ಕಟ್ಟೆಯಲ್ಲಿ ಸಾಲು ನಿಂತಾಗ ಬೇರೆ ತಂಡದ ಗಂಡಸರು, “ಏನವ್ವಾ, ಆ ಕಣಿವೇಲಿ ಸತ್ತೋಳು ನಿಮ್ಮಕ್ಕನಾ, ನೋಡ್ಕಂಬರಕ್ಕೆ ಹೊಂಟ್ರಾ?” ಎಂದು ನಗುತ್ತಿದ್ದರು. ನಗಲಿ ಬಿಡಿ, ಅವರ ಬಾಯಿಗೆ ಬೀಗ ಹಾಕಲು ನನಗೆ ಪುರುಸೊತ್ತಿರಲಿಲ್ಲ.

ನಾನು ಈ ಕೆಲಸಕ್ಕೆ ಬಂದಿದ್ದು ನನ್ನ ಮಗಳು ಲುಸ್ಮೀಲಾ ತೀರಿಕೊಂಡ ಎರಡು ತಿಂಗಳಿಗೆ. ನಾಲ್ಕು ವರ್ಷದವಳು. ಫೆಬ್ರವರಿಯ ಮಳೆಯಲ್ಲಿ ಎದೆಯಲ್ಲಿ ಕಫ ಕಟ್ಟಿ, ಜ್ವರ ಏರಿ, ಆಸ್ಪತ್ರೆಗೆ ಇಳಿಯುವ ದಾರಿ ಕುಸಿದಿದ್ದ ದಿನವೇ ಹೋಗಿಬಿಟ್ಟಳು. ಆಮೇಲೆ ನಾನು ತಿನ್ನುತ್ತಿದ್ದೆ, ಕುರಿ ಬಿಡುತ್ತಿದ್ದೆ, ಆದರೆ ನನ್ನ ಕಾಲು ನೆಲದಿಂದ ಏಳುತ್ತಿರಲಿಲ್ಲ. ಅತ್ತೆ ನೋಡಿ ನೋಡಿ ಸಾಕಾಗಿ ಒಂದು ದಿನ ಹೇಳಿದರು: “ಅಪಚೇತಕ್ಕೆ ಒಂದು ಕಲ್ಲು ಹೊತ್ಕೊಂಡ್ ಹೋಗಿ ಇಟ್ಬಿಟ್ ಬಾ. ಇಲ್ದಿದ್ರೆ ನೀನೂ ಅವಳ ಹಿಂದೇನೇ ಹೋಯ್ತೀಯ.”

ಅಪಚೇತ ಎಂದರೆ ಕಣಿವೆಯ ನೆತ್ತಿಯಲ್ಲಿರುವ ಕಲ್ಲುಗುಡ್ಡೆ. ಹತ್ತುವವರು ಕೆಳಗಿನಿಂದ ಒಂದು ಕಲ್ಲು ತರುತ್ತಾರೆ. ಆಯಾಸವೋ, ಸಂಕಟವೋ, ಮೈಯಲ್ಲಿರುವುದನ್ನೆಲ್ಲ ಅದಕ್ಕೆ ಉಜ್ಜಿ, ಉಸಿರು ಊದಿ, ಗುಡ್ಡೆಯ ಮೇಲೆ ಇಟ್ಟು ಹೋಗುತ್ತಾರೆ. ಬೆಟ್ಟ ಅದನ್ನು ಇಟ್ಟುಕೊಳ್ಳುತ್ತದೆ. ಇಟ್ಟ ಮೇಲೆ ಆ ಕಲ್ಲಿನ ಕಡೆ ಕಣ್ಣು ಹಾಯಿಸಬಾರದು. ನಮ್ಮಲ್ಲಿ ಕಳ್ಳನಾದವನೂ ಆ ಗುಡ್ಡೆಯ ಕಲ್ಲನ್ನು ಮುಟ್ಟುವುದಿಲ್ಲ. ಯಾರ ಸಂಕಟವನ್ನೋ ಮೈಮೇಲೆ ಎಳೆದುಕೊಳ್ಳಲು ಯಾರಿಗೆ ಹುಚ್ಚು?

“ಮಾಮೂಲಿ ಕಲ್ಲು ತಗೋ, ಬೂದಿ ಬಣ್ಣದ್ದು, ಚೆಂದದ್ದು ಬ್ಯಾಡ” ಎಂದೂ ಅತ್ತೆ ಹೇಳಿದ್ದರು. ನಾನು ಕೇಳಲಿಲ್ಲ. ಮಗಳಿಗೆ ಬೂದಿ ಬಣ್ಣದ ಕಲ್ಲು ಆರಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ? ನಮ್ಮೂರ ಹೊಳೆಯಲ್ಲಿ ಕೆಂಪು ಕಲ್ಲುಗಳಿವೆ. ಅದರಲ್ಲಿ ಒಂದನ್ನು ಹುಡುಕಿದೆ. ಎರಡು ಮುಷ್ಟಿ ಗಾತ್ರ, ನಡುವಿಗೆ ಸುತ್ತ ಬಿಳಿ ಪಟ್ಟಿ, ಪಟ್ಟಿ ಒಂದು ಕಡೆ ಮಾತ್ರ ತುಂಡಾಗಿತ್ತು. ಅವಳ ಅಂಗಿಯಲ್ಲಿ ಸುತ್ತಿಕೊಂಡು, ನನ್ನ ಮೊದಲ ಪ್ರಯಾಣದಲ್ಲಿ ಹದಿನೈದು ಕಿಲೋದ ಜೊತೆಗೆ ಅದನ್ನೂ ಹೊತ್ತು ಹತ್ತಿದೆ. ಅಂಗಿ ಬಿಚ್ಚಿ ಕಲ್ಲಿಟ್ಟು ತಿರುಗಿ ನೋಡದೆ ಇಳಿದೆ. ಅವತ್ತು ರಾತ್ರಿ ಎರಡು ತಿಂಗಳಲ್ಲಿ ಮೊದಲ ಸಲ ನಿದ್ದೆ ಬಂತು.

ಅದಾಗಿ ಹದಿನಾಲ್ಕು ತಿಂಗಳಿಗೆ ರೆನ್ಸೊ ಕರೆತಂದ ಪ್ರವಾಸಿಗಳಿಗೆ ಹೊರೆ ಹೊತ್ತೆವು.

ರೆನ್ಸೊ ಕುಸ್ಕೊ ಪಟ್ಟಣದ ಗೈಡ್. ಚುರುಕು ಮಾತು, ಬಿಳಿ ಹಲ್ಲು, ಕತ್ತಿಗೆ ಕಾಮನಬಿಲ್ಲಿನ ಬಣ್ಣದ ಮಫ್ಲರ್. ಅವನ ಅಜ್ಜಿ ನಮ್ಮ ಹಾಗೆಯೇ ಕೆಚುವಾ ಮಾತಾಡುವ ಹಳ್ಳಿಯ ಹೆಂಗಸು. ನಾವು ಕೆಚುವಾದಲ್ಲಿ ಕೇಳಿದರೆ ಅವನು ಸ್ಪ್ಯಾನಿಷ್‌ನಲ್ಲೇ ಉತ್ತರ ಕೊಡುತ್ತಿದ್ದ, ನಮ್ಮ ಭಾಷೆ ಮುಟ್ಟಿದರೆ ಮೈಗೆ ಮೆತ್ತಿಕೊಳ್ಳುತ್ತದೆ ಎನ್ನುವ ಹಾಗೆ. ಆದರೆ ಪ್ರವಾಸಿಗಳ ಮುಂದೆ ಮಾತ್ರ ಅವನಷ್ಟು ದೊಡ್ಡ ಇಂಕಾ ಬೇರೆ ಇಲ್ಲ. ಕೈ ಎರಡೂ ಮೇಲೆತ್ತಿ ಸೂರ್ಯನನ್ನು ಕೂಗುವುದೇನು, ಕಣ್ಣು ಮುಚ್ಚಿ ಕೋಕಾ ಎಲೆ ಊದುವುದೇನು! ನಮ್ಮ ಅಡುಗೆಯ ಪೌಲಿನೊ ಹಿಂದಿನಿಂದ ಅವನ ಹಾಗೆಯೇ ಕೈ ಎತ್ತಿ, ಕಣ್ಣು ಮುಚ್ಚಿ, ಸೌಟು ಹಿಡಿದು ಕುಣಿದು ನಮ್ಮನ್ನು ನಗಿಸುತ್ತಿದ್ದ.

ಆ ಸಲ ಹನ್ನೆರಡು ಪ್ರವಾಸಿಗಳು. ಅವರಲ್ಲಿ ಮರೈಕೆ ಎಂಬ ಅರವತ್ತು ದಾಟಿದ ಹೆಂಗಸಿಗೆ ಮಂಡಿನೋವು. ಹಳದಿ ಕೋಟು ಹಾಕಿಕೊಂಡಿದ್ದರಿಂದ ನಾವು ಅವಳನ್ನು ‘ಹಳದಿಯಮ್ಮ’ ಎನ್ನುತ್ತಿದ್ದೆವು. ಎರಡನೇ ದಿನ ಬೆಳಿಗ್ಗೆ ರೆನ್ಸೊ, “ಇಲಾರಿಯಾ, ನೀನು ಅವರ ಜೊತೆಗೇ ನಡಿ” ಎಂದ. ಅವಳ ಒಂದು ಹೆಜ್ಜೆಗೆ ನನ್ನದು ನಾಲ್ಕು. ಹೊರೆ ಹೊತ್ತು ನಿಧಾನ ನಡೆಯುವುದು ಓಡುವುದಕ್ಕಿಂತ ಕಷ್ಟ. ಆದರೂ ನಡೆದೆ. ಹೆಂಗಸು ಒಳ್ಳೆಯವಳು. ನಿಂತಲ್ಲೆಲ್ಲ ನನಗೂ ನೀರು ಕೊಟ್ಟಳು, ಮೊಮ್ಮಕ್ಕಳ ಫೋಟೋ ತೋರಿಸಿದಳು.

ಮಧ್ಯಾಹ್ನದ ಹೊತ್ತಿಗೆ ನೆತ್ತಿ ಮುಟ್ಟಿದೆವು. ಉಳಿದ ಪ್ರವಾಸಿಗಳು ಆಗಲೇ ಫೋಟೋ ತೆಗೆಸಿಕೊಂಡು ಇಳಿಯತೊಡಗಿದ್ದರು. ರೆನ್ಸೊ ಒಬ್ಬನೇ ಇವಳಿಗಾಗಿ ಕಾಯುತ್ತಿದ್ದ. ನಾನು ಎಂದಿನಂತೆ ಗುಡ್ಡೆಯ ಕಡೆ ಮುಖ ಮಾಡದೆ, ಗಾಳಿ ತಪ್ಪುವ ಒಂದು ಬಂಡೆಯ ಮರೆಗೆ ಹೋಗಿ ಹೊರೆ ಇಳಿಸಿ, ಮೂರು ಕೋಕಾ ಎಲೆ ಹಿಡಿದು ಬೆಟ್ಟಕ್ಕೆ ಊದಿದೆ. ಹಿಂದೆ ರೆನ್ಸೊ ಇಂಗ್ಲಿಷ್‌ನಲ್ಲಿ ಏನೋ ಕಥೆ ಹೇಳುತ್ತಿದ್ದ. ಹಳದಿಯಮ್ಮ “ಓ! ಓ!” ಎನ್ನುತ್ತಿದ್ದಳು. ಕಲ್ಲಿಗೆ ಕಲ್ಲು ತಾಗಿದ ಸದ್ದು ಕೇಳಿಸಿತು. ನಾನು ತಿರುಗಲಿಲ್ಲ.

ಇಳಿಜಾರು ನೋಡಿ ಅವಳು ಕೈಮುಗಿದು ತನ್ನ ಚೀಲವನ್ನೂ ನನ್ನ ಕಡೆ ಚಾಚಿದಳು. ಬೆನ್ನಿಗೆ ಹೊರೆ ಇತ್ತು, ಅವಳ ಚೀಲವನ್ನು ಎದೆಗೆ ಹಾಕಿಕೊಂಡೆ. ಅವತ್ತಿನ ರಾತ್ರಿ ತಂಗುವ ಪಕಾಯ್‌ಮಾಯುವಿನ ಬಿಡಾರದವರೆಗೆ ಎರಡು ತಾಸು ಬರೀ ಕಲ್ಲುಮೆಟ್ಟಿಲು. ಚೀಲದೊಳಗೆ ಏನೋ ಗಟ್ಟಿಯಾದದ್ದು ಹೆಜ್ಜೆಹೆಜ್ಜೆಗೂ ಪಕ್ಕೆಲುಬಿಗೆ ಕುಟ್ಟುತ್ತಿತ್ತು. ಕ್ಯಾಮೆರಾ ಇರಬೇಕು ಎಂದುಕೊಂಡೆ. ಒಡೆದುಹೋದೀತು ಎಂದು ಒಂದು ಕೈಯಿಂದ ಅದನ್ನು ಅವುಚಿ ಹಿಡಿದುಕೊಂಡೇ ಇಳಿದೆ.

ಬಿಡಾರದಲ್ಲಿ ನಾನು ಅಡುಗೆ ಡೇರೆಯ ಪಕ್ಕ ಕೂತು ಹುರಿದ ಜೋಳ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಹಳದಿಯಮ್ಮ ಕುಂಟುತ್ತ ಬಂದಳು. ಮುಖದ ತುಂಬ ನಗು. ಕೈಯಲ್ಲಿ ಒಂದು ಕಲ್ಲು ಹಿಡಿದು, ತನಗೆ ಬರುವ ನಾಲ್ಕು ಸ್ಪ್ಯಾನಿಷ್ ಮಾತಿನಲ್ಲಿ ಒಂದನ್ನು ಎರಡೆರಡು ಸಲ ಹೇಳಿದಳು: “ಚೆಂದ! ಚೆಂದ!”

ಕೆಂಪು ಕಲ್ಲು. ನಡುವಿಗೆ ಬಿಳಿ ಪಟ್ಟಿ. ಒಂದು ಕಡೆ ತುಂಡು.

ನಾನು ಎದ್ದು ಅದನ್ನು ಅವಳ ಕೈಯಿಂದ ತೆಗೆದುಕೊಂಡೆ. ನೋಡಲಿ ಪಾಪ ಎಂದು ಅವಳೂ ಕೊಟ್ಟಳು. ಸ್ವಲ್ಪ ಹೊತ್ತಾದ ಮೇಲೆ ವಾಪಸು ಕೊಡು ಎಂದು ಕೈ ಚಾಚಿದಳು. ನಾನು ಕೊಡಲಿಲ್ಲ. ಅವಳು ನಗುತ್ತಲೇ ಹಿಡಿದು ಎಳೆದಳು. ನಾನು ಬಿಡಲಿಲ್ಲ. ಆಮೇಲೆ ಅವಳ ನಗು ನಿಂತಿತು. “ರೆನ್ಸೊ!” ಎಂದು ಕೂಗಿದಳು.

ರೆನ್ಸೊ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದ. “ಏನು ಗಲಾಟೆ?”

“ಇದು ನನ್ ಮಗಳ ಕಲ್ಲು. ನಾನೇ ಅಪಚೇತದ ಮ್ಯಾಲೆ ಇಟ್ಟಿದ್ದು. ಇವ್ರ ಚೀಲಕ್ಕೆ ಹೆಂಗ್ ಬಂತು?”

ಅವನ ಮುಖ ಒಂದು ಗಳಿಗೆ ಬಣ್ಣಗೆಟ್ಟಿತು. ಬ್ರಷ್ ತೆಗೆದು ಉಗಿದ. “ಸರಿ ಸರಿ, ದೊಡ್ಡದು ಮಾಡಬೇಡ. ನಾನು ಮಾತಾಡ್ತೀನಿ.” ಹಳದಿಯಮ್ಮನಿಗೆ ಇಂಗ್ಲಿಷ್‌ನಲ್ಲಿ ಏನೋ ಹೇಳಿದ. ಅವಳ ಹಣೆಯ ಗಂಟು ಸಡಿಲಾಯಿತು. “ಆಹ್!” ಎಂದು ನನ್ನ ಭುಜ ತಟ್ಟಿ, ಡೇರೆಗೆ ಹೋಗಿ ಒಂದು ಚಾಕೊಲೇಟು ತಂದು ನನ್ನ ಕೈಗಿಟ್ಟಳು.

ಮಗಳ ಕಲ್ಲಿಗೆ ಚಾಕೊಲೇಟು! ನನಗೆ ಅರ್ಥವೇ ಆಗಲಿಲ್ಲ. ಪೌಲಿನೊ ಹದಿನೈದು ವರ್ಷ ಪ್ರವಾಸಿಗಳಿಗೆ ಬಡಿಸಿ ಬಡಿಸಿ ಅಷ್ಟಿಷ್ಟು ಇಂಗ್ಲಿಷ್ ಕಲಿತಿದ್ದ. ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಡೇರೆಯಿಂದ ತಲೆ ಹೊರಗೆ ಹಾಕಿದ.

“ಇಲಾರಿಯಾ, ಈ ಬಡ್ಡೀಮಗ ಏನಂದ ಗೊತ್ತಾ? ನಿಂಗೆ ಈ ಕಲ್ಲು ಬಾಳ ಇಷ್ಟ ಆಗ್ಬುಟ್ಟದಂತೆ, ನಿಮ್ಮೂರಲ್ಲಿ ಇಂಥದ್ದು ಸಿಕ್ಕಲ್ವಂತೆ, ಅದ್ಕೆ ಆಸೆಬಿದ್ದು ಹಿಡ್ಕಂಡಿದ್ದೀಯಂತೆ.”

“ನೀನು ಈರುಳ್ಳಿ ನೋಡ್ಕೊ” ಎಂದ ರೆನ್ಸೊ.

ಚಾಕೊಲೇಟನ್ನು ನೆಲಕ್ಕೆ ಎಸೆದೆ. “ಅಲ್ಲಿ ಏನ್ ಕತೆ ಕಟ್ಟಿದ್ದೆ ಅದನ್ನ ಮೊದ್ಲು ಬೊಗಳು” ಎಂದೆ.

“ಬಾಯಿಗೆ ಬಂದ ಹಾಗೆ ಮಾತಾಡಬೇಡ.”

“ಬೊಗಳು ಅಂದೆ!”

ಕೂಗಿಗೆ ನಮ್ಮವರೆಲ್ಲ ಸೇರಿದರು. ವಲೆರಿಯಾನೊ ನೀರಿನ ಕ್ಯಾನು ಕೆಳಗಿಟ್ಟು ಓಡಿಬಂದರು. ಪೌಲಿನೊನೇ ಹಳದಿಯಮ್ಮನನ್ನು ಕೇಳಿ, ಕೈಸನ್ನೆಯಲ್ಲಿ, ಅರ್ಧ ಮಾತಿನಲ್ಲಿ ವಿಷಯ ಹೊರಡಿಸಿದ. ಅಪಚೇತದಿಂದ ಒಂದು ಕಲ್ಲು ಆರಿಸಿಕೊಂಡು ಮನೆಗೆ ಒಯ್ದರೆ ಅಂದುಕೊಂಡದ್ದು ಆಗುತ್ತದೆ, ಇದು ಇಂಕಾಗಳ ಹಳೆಯ ಪದ್ಧತಿ, ಎಂದು ರೆನ್ಸೊ ಎಲ್ಲರಿಗೂ ಹೇಳಿದ್ದನಂತೆ. ಆ ಹಂಗಾಮಿನ ಉದ್ದಕ್ಕೂ ಪ್ರತಿ ತಂಡಕ್ಕೂ ಹೇಳುತ್ತ ಬಂದಿದ್ದನಂತೆ.

ಇಡುವ ಜಾಗವನ್ನು ಇವನು ಕೀಳುವ ಜಾಗ ಮಾಡಿದ್ದ.

“ಹಿಂಗ್ಯಾಕ್ ಮಾಡ್ದೆ?” ಎಂದರು ವಲೆರಿಯಾನೊ. ಅವರ ದನಿ ಸಣ್ಣಗಿತ್ತು.

“ತಾಯ್ತಾ,” ಎಂದ ರೆನ್ಸೊ, ಹಿರಿಯರನ್ನು ಅಪ್ಪಾ ಎಂದು ಕರೆಯುವ ಹಾಗೆ, “ನಿಮಗೆ ಈ ಜನ ಗೊತ್ತಿಲ್ಲ. ನಾಲ್ಕು ದಿನ ನಡೀತಾರೆ, ಏನಾದ್ರೂ ಕೈಯಲ್ಲಿ ಹಿಡ್ಕೊಂಡು ಹೋಗಬೇಕು ಅವರಿಗೆ. ಇಟ್ಟು ಹೋಗಿ ಅಂದ್ರೆ ಯಾರಿಗೆ ಖುಷಿ? ತಗೊಳ್ಳಿ ಅಂದ್ರೆ ಕುಣೀತಾರೆ. ಒಂದು ಕಲ್ಲು ಹೋದ್ರೆ ಬೆಟ್ಟ ಏನು ಬಡವಾಗುತ್ತಾ? ಆ ಪೊದೆ ಹತ್ರ ಎಸೆದುಬಿಡಿ, ಮುಗೀತು.”

ನಾನು ಅವನ ಮೇಲೆ ಹಾಯ್ದೆ. ವಲೆರಿಯಾನೊ ಅಡ್ಡ ಬಂದು ನನ್ನ ಎರಡೂ ತೋಳು ಹಿಡಿದುಕೊಂಡರು. “ಬ್ಯಾಡ ಮಗಳೇ, ಸುಮ್ಕಿರು. ಆರು ಹೆಂಗಸರ ಅನ್ನ ಅದೆ ಇದ್ರಲ್ಲಿ.”

“ನೋಡಿ, ತಾಯ್ತಾಗೆ ಬುದ್ಧಿ ಇದೆ” ಎಂದ ರೆನ್ಸೊ. “ಇದನ್ನ ಇಲ್ಲಿಗೇ ಬಿಟ್ರೆ ಸರಿ. ಇಲ್ಲಾಂದ್ರೆ ಮುಂದಿನ ಹಂಗಾಮಿಗೆ ಪುಕಮಾಯುವಿನ ಒಬ್ಬ ಹೆಂಗಸೂ ತೂಕದ ಕಟ್ಟೆ ಹತ್ತಲ್ಲ.”

ಅವನು ಹೇಳಿದ್ದನ್ನು ಮಾಡಿಯೂ ತೋರಿಸಿದ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮರುವರ್ಷ ಆರರಲ್ಲಿ ಇಬ್ಬರನ್ನು ಮಾತ್ರ ಕರೆದರು. ಆ ಇಬ್ಬರಲ್ಲಿ ನಾನಿರಲಿಲ್ಲ. ನನ್ನ ಜೊತೆ ಕೆಲಸ ಕಳೆದುಕೊಂಡ ಮೂವರ ಮನೆಯ ಮುಂದೆ ಹಾದುಹೋಗುವಾಗ ನನಗೆ ಇವತ್ತಿಗೂ ತಲೆ ತಗ್ಗುತ್ತದೆ. ಆದರೆ ಆ ಗಳಿಗೆಯಲ್ಲಿ ನನಗೆ ಯಾರ ಅನ್ನವೂ ಕಾಣಲಿಲ್ಲ. ನನ್ನ ಕೈಯಲ್ಲಿ ಕಲ್ಲಿತ್ತು, ಅಷ್ಟೇ ಗೊತ್ತು.

ಪೌಲಿನೊ ಏಪ್ರನ್ನಿಗೆ ಕೈ ಒರೆಸಿಕೊಂಡು ಹಳದಿಯಮ್ಮನ ಮುಂದೆ ನಿಂತ. ಕೇಳಿದರೆ ಅರ್ಥವಾಗುತ್ತಿತ್ತೇ ಹೊರತು, ಅವನ ಬಾಯಿಗೆ ಬರುವ ಇಂಗ್ಲಿಷ್ ಎಂದರೆ ಸೂಪು, ಕೋಳಿ, ಬಿಸಿ, ತಣ್ಣಗೆ, ಸಾರಿ, ಇಂಥವೇ. ಆ ಬಂಡವಾಳದಲ್ಲೇ ಹೇಳಿದ. ಕಲ್ಲು ತೋರಿಸಿ, “ಬೇಬಿ” ಎಂದ. ನನ್ನನ್ನು ತೋರಿಸಿ, “ಮದರ್” ಎಂದ. ಆಮೇಲೆ ಅಂಗೈಯನ್ನು ಸೊಂಟದ ಎತ್ತರಕ್ಕೆ ಹಿಡಿದು ಲುಸ್ಮೀಲಾ ಎಷ್ಟಿದ್ದಳೆಂದು ತೋರಿಸಿ, ಖಾಲಿ ಪಾತ್ರೆ ತೆಗೆಯುವಾಗ ಹೇಳುವ ಮಾತನ್ನೇ ಹೇಳಿದ: “ಫಿನಿಶ್.”

ಹಳದಿಯಮ್ಮ ನನ್ನನ್ನು ನೋಡಿದಳು. ಕಲ್ಲನ್ನು ನೋಡಿದಳು. ಎರಡೂ ಕೈ ಬಾಯಿಗೆ ಹೋದವು. ಅಳತೊಡಗಿದಳು, ನನ್ನನ್ನು ಅಪ್ಪಿಕೊಳ್ಳಲು ಬಂದಳು. ನಾನು ಹಿಂದೆ ಸರಿದೆ.

“ಅಳ್ಬೇಡಿ ಅಂತ ಹೇಳು” ಎಂದೆ ಪೌಲಿನೊಗೆ. “ಇವರ ಚೀಲ ಹೊತ್ತಿದ್ದಾಯ್ತು. ಅಳುವನ್ನೂ ನಾನೇ ಹೊರಬೇಕಾ?”

ಅವನು ಅದನ್ನು ಹೇಗೆ ಹೇಳಿದನೋ, ಹೇಳಿದನೋ ಇಲ್ಲವೋ ಗೊತ್ತಿಲ್ಲ. ಅವಳು ಕಣ್ಣೊರೆಸಿಕೊಂಡು ಊಟದ ಡೇರೆಯ ಕಡೆ ಹೋದಳು. ಒಳಗೆ ಅವಳ ಗಟ್ಟಿ ದನಿ ಕೇಳಿಸಿತು. ಒಬ್ಬೊಬ್ಬರೇ ಪ್ರವಾಸಿಗಳು ತಂತಮ್ಮ ಡೇರೆಗೆ ಹೋಗಿ ಬಂದರು, ಯಾರೂ ನಮ್ಮ ಮುಖ ನೋಡಲಿಲ್ಲ. ಚಹಾ ಇಡಬೇಕಾದ ಮೇಜಿನ ಮೇಲೆ ಕಲ್ಲು ಇಡತೊಡಗಿದರು. ಒಂದು, ಎರಡು, ನಾಲ್ಕು, ಎಂಟು. ಚಪ್ಪಟೆಯವು, ಉರುಟು, ಒಂದಕ್ಕೆ ನೂಲು ಸುತ್ತಿತ್ತು, ಇನ್ನೊಂದರ ಮೇಲೆ ಯಾರೋ ಮೊಳೆಯಿಂದ ಶಿಲುಬೆ ಗೀಚಿದ್ದರು.

ನಮ್ಮ ಹದಿನೈದು ಜನ ಆ ಮೇಜು ನೋಡುತ್ತ ನಿಂತುಬಿಟ್ಟರು. ವಲೆರಿಯಾನೊ ನನ್ನ ತೋಳು ಬಿಟ್ಟರು. ತಲೆಯಿಂದ ಟೋಪಿ ತೆಗೆದರು. ಹಿಂದಕ್ಕೆ ತಿರುಗದೆಯೇ ಹೇಳಿದರು:

“ಪೌಲಿನೊ, ಒಲೆ ಆರ್ಸು.”

ಪೌಲಿನೊ ಒಲೆ ಆರಿಸಿದ. ಸಂಜೆಯ ಚಹಾ ಇಲ್ಲ, ಜೋಳದ ಅರಳು ಇಲ್ಲ, ಸೂಪಿನ ನೀರು ಅರ್ಧ ಕಾದು ನಿಂತಿತು. ನಮ್ಮವರು ತಂತಮ್ಮ ಹೊರೆಯ ಮೇಲೆ ಕೂತರು.

“ಇದೇನಿದು?” ಎಂದ ರೆನ್ಸೊ.

“ಕಲ್ಲು ಎಲ್ಲಿದ್ವೋ ಅಲ್ಲಿಗೆ ಹೋದ್ಮ್ಯಾಲೆ ಒಲೆ ಉರೀತದೆ” ಎಂದರು ವಲೆರಿಯಾನೊ.

“ಸರಿ, ಯಾರನ್ನಾದ್ರೂ ಕಳಿಸಿ. ಇಬ್ಬರು ಓಡಿ ಹೋಗಿ ಬರ್ಲಿ.”

“ನೀನೋಗು.”

“ನಾನು ಗೈಡ್!”

“ಇಳಿಸ್ದೋನು ನೀನು. ನೀನೇ ಹತ್ತಿಸು.”

ರೆನ್ಸೊ ಕೂಗಾಡಿದ. ಏಜೆನ್ಸಿ ಎಂದ, ಪರವಾನಗಿ ಎಂದ, ಬಿಡಾರದ ಕಾವಲುಗಾರನನ್ನು ಕರೆದ. ಕಾವಲುಗಾರ ಬಂದು ಮೇಜು ನೋಡಿ, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, “ನಾನೇನೂ ನೋಡ್ಲಿಲ್ಲಪ್ಪ” ಎಂದು ಹೊರಟುಹೋದ. ಕಡೆಗೆ ಪ್ರವಾಸಿಗಳೇ ರೆನ್ಸೊನ ಸುತ್ತ ನಿಂತರು. ಅವರು ಏನು ಹೇಳಿದರೋ ನನಗೆ ತಿಳಿಯದು, ಆದರೆ ಅವನ ಬಿಳಿ ಹಲ್ಲು ಆಮೇಲೆ ಕಾಣಿಸಲಿಲ್ಲ. ಹಳದಿಯಮ್ಮ ಎಂಟೂ ಕಲ್ಲನ್ನು ತನ್ನ ಚೀಲಕ್ಕೆ ಹಾಕಿ ಅವನ ಬೆನ್ನಿಗೆ ಏರಿಸಿದಳು.

ನಾನು ನನ್ನದನ್ನು ಬೆನ್ನಿನ ಕಂಬಳಿಯಲ್ಲಿ ಕಟ್ಟಿಕೊಂಡೆ. ಮಗುವನ್ನು ಕಟ್ಟಿಕೊಳ್ಳುವ ಹಾಗೆಯೇ, ಬೇರೆ ರೀತಿ ನನಗೆ ಗಂಟು ಹಾಕಲು ಬರುವುದಿಲ್ಲ.

ದಾರಿಯ ಕಾಲುಭಾಗ ಮುಗಿಯುವಷ್ಟರಲ್ಲೇ ಅವನು ಏದುಸಿರು ಬಿಡತೊಡಗಿದ. “ಇಲಾರಿಯಾ, ಒಂದು ನಿಮಿಷ ನಿಲ್ಲು.”

“ನಡಿ.”

“ಭುಜ ಹರೀತಿದೆ.”

“ಹರೀಲಿ.”

ನಾನು ಅವನ ಹಿಂದೆಯೇ ಇದ್ದೆ. ನಿಂತರೆ ತಳ್ಳುವ ಹಾಗೆ ಹತ್ತಿರ ಹೋಗುತ್ತಿದ್ದೆ. ದಾರಿಯುದ್ದಕ್ಕೂ ಅವನನ್ನು ಬೈದೆ. ಅವನ ಮಫ್ಲರನ್ನು ಬೈದೆ, ಅವನು ಸೂರ್ಯನಿಗೆ ಎತ್ತುವ ಕೈಗಳನ್ನು ಬೈದೆ. ಬೈಗುಳ ಮುಗಿದಾಗ ನನ್ನನ್ನೇ ಬೈದುಕೊಂಡೆ. ಬೂದಿ ಬಣ್ಣದ್ದು ತಗೋ ಎಂದು ಅತ್ತೆ ಬಡಕೊಂಡಿದ್ದರಲ್ಲ, ಯಾರ ಕಣ್ಣಿಗೂ ಬೀಳದಂಥ ಕಲ್ಲನ್ನು ಇಟ್ಟಿದ್ದರೆ ಮಗಳು ನೆಮ್ಮದಿಯಾಗಿ ಇರುತ್ತಿದ್ದಳಲ್ಲ ಎಂದು.

ನೆತ್ತಿ ಮುಟ್ಟಿದಾಗ ಸೂರ್ಯ ಆಚೆ ಹಿಮದ ಅಂಚಿಗೆ ಬಂದಿದ್ದ. ಗಾಳಿಗೆ ನಿಲ್ಲಲಾಗುತ್ತಿರಲಿಲ್ಲ. ರೆನ್ಸೊ ಮಂಡಿಯೂರಿ ಚೀಲ ಬಿಚ್ಚಿದ. “ಯಾವುದು ಎಲ್ಲಿತ್ತು?” ಎಂದ.

“ನನಗೇನ್ ಗೊತ್ತು? ಒಂದೊಂದಕ್ಕೂ ತಪ್ಪಾಯ್ತು ಅಂದು ಇಡು.”

ಅವನು ಇಟ್ಟ. ಮೊದಲನೆಯದಕ್ಕೆ ಸ್ಪ್ಯಾನಿಷ್‌ನಲ್ಲಿ ಹೇಳಿದ. ನೂಲು ಸುತ್ತಿದ ಕಲ್ಲು ಕೈಗೆ ಬಂದಾಗ ಅವನ ಬಾಯಿಂದ ಕೆಚುವಾ ಹೊರಟಿತು, ತೊದಲುತ್ತ, ಅಜ್ಜಿಯ ಮಡಿಲಲ್ಲಿ ಕಲಿತದ್ದಿರಬೇಕು. ಕೇಳಿ ನನ್ನ ಕೋಪ ಕರಗಲಿಲ್ಲ, ಇನ್ನೂ ಹೆಚ್ಚಾಯಿತು. ಗೊತ್ತಿಲ್ಲದವನಾದರೆ ಕ್ಷಮಿಸಬಹುದಿತ್ತು. ಇವನಿಗೆ ಎಲ್ಲ ಗೊತ್ತಿತ್ತು.

ಆಮೇಲೆ ನನ್ನ ಸರದಿ. ಕಂಬಳಿಯ ಗಂಟು ಬಿಚ್ಚಿ ಕಲ್ಲನ್ನು ಕೈಗೆ ತೆಗೆದುಕೊಂಡೆ. ಬೆನ್ನಿನ ಬಿಸಿಗೆ ಬೆಚ್ಚಗಾಗಿತ್ತು. ಬಗ್ಗಿದೆ, ಆದರೆ ಕೈ ಬಿಡಲೊಲ್ಲದು. ಮೊದಲ ಸಲ ಇದನ್ನು ಇಡಲು ನನ್ನಲ್ಲಿದ್ದ ಶಕ್ತಿಯನ್ನೆಲ್ಲ ಖರ್ಚು ಮಾಡಿದ್ದೆ. ಎರಡನೇ ಸಲಕ್ಕೆಂದು ಯಾರೂ ಉಳಿಸಿಟ್ಟುಕೊಂಡಿರುವುದಿಲ್ಲ. ಎಷ್ಟು ಹೊತ್ತು ಹಾಗೆ ಬಗ್ಗಿದ್ದೆನೋ.

“ಕೊಡು, ನಾನು ಇಡ್ತೀನಿ” ಎಂದು ರೆನ್ಸೊ ಮೆಲ್ಲಗೆ ಕೈ ಚಾಚಿದ.

“ಮುಟ್ಟಿದ್ರೆ ಕೈ ಕಡೀತೀನಿ.”

ಗುಡ್ಡೆಯ ಒಂದು ಬದಿಯನ್ನು ಬರಿಗೈಯಲ್ಲಿ ಸರಿಸಿ, ಮೊಣಕೈಯುದ್ದ ಒಳಗೆ ಅವಳನ್ನು ಇಟ್ಟು, ಮೇಲೆ ಬೇರೆ ಕಲ್ಲು ಮುಚ್ಚಿದೆ. ಉಗುರು ಕಿತ್ತು ರಕ್ತ ಬಂದಿತ್ತು. ಊರ ಹಿಂದಿನ ದಿಣ್ಣೆಯ ಮೇಲೆ, ಫೆಬ್ರವರಿಯ ಕೆಸರಿನಲ್ಲಿ ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದೇನೆ ಎಂದು ಅರ್ಧದಲ್ಲಿ ಹೊಳೆಯಿತು. ಆಗ ಅತ್ತೆ, ನಾದಿನಿ, ಗಂಡ ಎಲ್ಲರೂ ನನ್ನನ್ನು ಹಿಡಿದುಕೊಂಡಿದ್ದರು. ಇಲ್ಲಿ ಈ ಒಬ್ಬ ಇದ್ದ.

“ನನ್ನನ್ನ ಕ್ಷಮಿಸು” ಎಂದ ಅವನು, ಕೆಚುವಾದಲ್ಲೇ.

“ಮಗಳನ್ನ ಎರಡು ಸಲ ಹೂತೋಳು ನಾನು” ಎಂದೆ. “ಮೊದಲ್ನೇ ಸಲ ಜ್ವರ ಹೂಳಿಸ್ತು. ಎರಡ್ನೇ ಸಲ ನೀನು.”

ಜ್ವರದ ಮೇಲಿನ ಸಿಟ್ಟನ್ನು ಹದಿನಾಲ್ಕು ತಿಂಗಳ ಹಿಂದೆ ಇದೇ ಜಾಗದಲ್ಲಿ ಇಳಿಸಿ ಹೋಗಿದ್ದೆ. ಇವನ ಮೇಲಿನದನ್ನು ಇಳಿಸಲಿಲ್ಲ. ಅದನ್ನು ಹೊತ್ತುಕೊಂಡೇ ಕೆಳಗೆ ಬಂದೆ.